ದುಡಿಯುವವರ ಕೈ ನೋಡಿ ಕೈಗವಸು ಕೊಳ್ಳಿ

ಹಿಮ ಬೀಳುವ ನಾಡುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳ ಮತ್ತು ಬಂಧುಗಳ ಮನೆಗಳಲ್ಲಿ ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ತಪ್ಪದೆ ನಡೆಯುವ ವ್ರತವೊಂದಿದೆ. ಅದು ಮನೆಮಂದಿಗೆಲ್ಲ ಹೊಸ ಕೈಗವಸು ಕೊಳ್ಳುವ ವ್ರತ. ಮಾರ್ಚ್ ಮುಗಿಯುವ ಹೊತ್ತಿಗೆ ಅವುಗಳಲ್ಲಿ ಕೆಲವು ಹೆಬ್ಬೆರಳಿನ ಸಂದಿಯಲ್ಲಿ ಹರಿದಿರುತ್ತವೆ, ಕೆಲವು ಒಳಗಿನ ಬಟ್ಟೆಯನ್ನು ಹೊರಚೆಲ್ಲಿಕೊಂಡು ಮುದುಡಿರುತ್ತವೆ, ಒಂದೆರಡು ಜೊತೆ ಕಳೆದುಕೊಂಡು ಒಂಟಿಯಾಗಿರುತ್ತವೆ. ಎಲ್ಲವೂ ಕಸದ ಡಬ್ಬಿ ಸೇರುತ್ತವೆ. ಮತ್ತೆ ನವೆಂಬರ್, ಮತ್ತೆ ವ್ರತ.

“ಒಂದು ಜೊತೆ ಗ್ಲೌಸ್ ತಾನೆ ಸರ್, ಇದರ ಬಗ್ಗೆ ಇಷ್ಟೇಕೆ ಯೋಚನೆ?” ಎಂದು ನೀವು ಕೇಳಬಹುದು. ಬೆಂಗಳೂರಿನ ಚಳಿಯಲ್ಲಿ ಸ್ಕೂಟರ್ ಓಡಿಸುವವನ ಕೈಗವಸಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಸೊನ್ನೆಗಿಂತ ಹದಿನೈದು ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಇಡೀ ದಿನ ಸ್ಕೀಯಿಂಗ್ ಮಾಡುವವನಿಗೆ ಕೈಗವಸು ಅಲಂಕಾರವಲ್ಲ, ಬೆರಳುಗಳ ರಕ್ಷಾಕವಚ. ಅದನ್ನು ಆರಿಸುವಾಗ ಅಂಗಡಿಯ ಜಾಹೀರಾತನ್ನು ನೋಡಬಾರದು, ಆ ಚಳಿಯಲ್ಲಿ ಹೊಟ್ಟೆಪಾಡಿಗಾಗಿ ದುಡಿಯುವವರ ಕೈಗಳನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನಿರೂಪಿಸಲು ಬಯಸುತ್ತೇನೆ.

ಸ್ಕೀ ಹಲಗೆಯ ಮೇಲೆ ಎಂದೂ ಕಾಲಿಡದ ಈ ಮೇಷ್ಟ್ರಿಗೆ ಇದನ್ನು ಹೇಳುವ ಅಧಿಕಾರವೇನು ಎಂದರೆ, ಮೂವತ್ತನಾಲ್ಕು ವರ್ಷ ಗಣಿತ ಮತ್ತು ವಿಜ್ಞಾನವನ್ನು ಬೋಧಿಸಿದವನು ನಾನು. ನಿವೃತ್ತಿಯ ನಂತರ ಮಗಳ ಮನೆಯಲ್ಲಿ, ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ನಾಲ್ಕು ಚಳಿಗಾಲಗಳನ್ನು ಕಳೆದಿದ್ದೇನೆ. ಮಗಳು, ಅಳಿಯ, ಮೊಮ್ಮಕ್ಕಳು ಗುಡ್ಡದ ಮೇಲೆ ಜಾರುತ್ತಿರುವಾಗ ಕೆಳಗಿನ ಕಟ್ಟಡದ ಕಿಟಕಿಯ ಬಳಿ ಕಾಫಿ ಹಿಡಿದು ಕುಳಿತವನಿಗೆ ನೂರಾರು ಜನರ ಕೈಗಳನ್ನು ಗಮನಿಸಲು ಬೇಕಾದಷ್ಟು ಬಿಡುವಿತ್ತು.

ಮೊದಲು ಸ್ವಲ್ಪ ವಿಜ್ಞಾನ

ಎಂಟನೆಯ ತರಗತಿಯಲ್ಲಿ ಉಷ್ಣದ ಪಾಠ ಮಾಡುವಾಗ ನಾನು ಹೇಳುತ್ತಿದ್ದುದು ನಿಮಗೆ ನೆನಪಿರಬಹುದು: ಕಂಬಳಿ ಶಾಖವನ್ನು ಕೊಡುವುದಿಲ್ಲ, ಇರುವ ಶಾಖವನ್ನು ಹೋಗಗೊಡುವುದಿಲ್ಲ. ಕೈಗವಸೂ ಅಷ್ಟೇ. ಬೆಚ್ಚಗಿಡುವುದು ಬಟ್ಟೆಯಲ್ಲ, ಅದರ ಎಳೆಗಳ ನಡುವೆ ಸಿಕ್ಕಿಬಿದ್ದ ನಿಶ್ಚಲವಾದ ಗಾಳಿ. ಆ ಗಾಳಿಯ ಜಾಗದಲ್ಲಿ ನೀರು ತುಂಬಿಕೊಂಡರೆ ಕಥೆ ಮುಗಿಯಿತು. ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಒದ್ದೆಯಾದ ದಪ್ಪ ಕೈಗವಸಿಗಿಂತ ಒಣಗಿದ ತೆಳು ಕೈಗವಸು ಎಷ್ಟೋ ಮೇಲು.

ಎರಡನೆಯದಾಗಿ, ಚಳಿ ಹೆಚ್ಚಾದಾಗ ದೇಹವು ಎದೆ ಮತ್ತು ಹೊಟ್ಟೆಯ ಅವಯವಗಳನ್ನು ಕಾಪಾಡುವ ಸಲುವಾಗಿ ಕೈಕಾಲುಗಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಬೆರಳಿಗೆ ಬರುವ ಬಿಸಿರಕ್ತವೇ ಕಡಿಮೆಯಾಗುತ್ತದೆ. ಇಂಥ ಹೊತ್ತಿನಲ್ಲಿ ಬಿಗಿಯಾದ ಕೈಗವಸು ಧರಿಸಿದರೆ ಇರುವ ರಕ್ತಸಂಚಾರಕ್ಕೂ ಅಡ್ಡಿ, ಒಳಗಿನ ಗಾಳಿಯೂ ಒತ್ತಿಹೋಗುತ್ತದೆ. “ಬಿಗಿಯಾಗಿದ್ದರೆ ಬೆಚ್ಚಗೆ” ಎಂಬುದು ಕೇವಲ ಭ್ರಮೆ.

ಮೂರನೆಯದಾಗಿ, ಬೆರಳು ಸಣ್ಣ ಕೊಳವೆಯಂತಿದೆ. ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಬಹಳ ಹೆಚ್ಚು. ಮೇಲ್ಮೈ ಹೆಚ್ಚಾದಷ್ಟೂ ಶಾಖ ಬೇಗ ಸೋರುತ್ತದೆ. ಆದ್ದರಿಂದಲೇ ನಾಲ್ಕು ಬೆರಳುಗಳಿಗೂ ಒಂದೇ ಕೋಣೆಯಿರುವ ಮಿಟನ್ ಐದು ಬೆರಳಿನ ಕೈಗವಸಿಗಿಂತ ಬೆಚ್ಚಗಿರುತ್ತದೆ. ಒಟ್ಟು ಕುಟುಂಬದಲ್ಲಿ ಚಳಿ ಕಡಿಮೆ ಎಂದು ನಾನು ಮೊಮ್ಮಕ್ಕಳಿಗೆ ಹೇಳುವುದುಂಟು.

ಹಗ್ಗ ಕಲಿಸಿದ ಪಾಠ

ಮಿನ್ನಿಯಾಪೊಲಿಸ್ ನಗರದ ದಕ್ಷಿಣಕ್ಕೆ ಬರ್ನ್ಸ್‌ವಿಲ್ ಎಂಬ ಊರಿನಲ್ಲಿ ಬಕ್ ಹಿಲ್ ಎಂಬ ಸಣ್ಣ ಗುಡ್ಡವಿದೆ. ನಮ್ಮ ಕಡೆಯ ಯಾವ ಬೆಟ್ಟದ ಮುಂದೆಯೂ ಅದು ಬೆಟ್ಟವೆನಿಸದು. ಆದರೂ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಸ್ಪರ್ಧೆಯ ಚಿನ್ನ ಗೆದ್ದ ಲಿಂಡ್ಸೆ ವಾನ್ ಬಾಲ್ಯದಲ್ಲಿ ಸ್ಕೀಯಿಂಗ್ ಕಲಿತದ್ದು ಅಲ್ಲಿಯೇ. ಅಲ್ಲಿ ಮೇಲೇರಲು ಕುರ್ಚಿಯ ಲಿಫ್ಟ್ ಅಲ್ಲದೆ ಹಗ್ಗದ ವ್ಯವಸ್ಥೆಯೂ ಇದೆ. ಸದಾ ಓಡುತ್ತಿರುವ ಹಗ್ಗವನ್ನು ಎರಡೂ ಕೈಗಳಿಂದ ಹಿಡಿದರೆ ಅದು ನಮ್ಮನ್ನು ಮೇಲಕ್ಕೆಳೆದುಕೊಂಡು ಹೋಗುತ್ತದೆ. ಓಡುವ ಹಗ್ಗವನ್ನು ಹಿಡಿಯುವ ಮೊದಲ ಕ್ಷಣದಲ್ಲಿ ಅಂಗೈ ಅದರ ಮೇಲೆ ಜಾರುತ್ತದೆ. ಬಾವಿಯಲ್ಲಿ ನೀರು ಸೇದಿದವರಿಗೆ ಜಾರುವ ಹಗ್ಗ ಅಂಗೈಗೆ ಏನು ಮಾಡುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ತೆಳು ನೈಲಾನಿನ ಅಂಗೈಯುಳ್ಳ ಕೈಗವಸುಗಳು ಆ ಹಗ್ಗದ ಮುಂದೆ ಕೆಲವೇ ದಿನಗಳಲ್ಲಿ ಸವೆದು ತೂತಾಗುವುದನ್ನು ನಾನು ಕಂಡಿದ್ದೇನೆ. ಹಗ್ಗವಿಲ್ಲದ ಕಡೆಯೂ ಸ್ಕೀ ಹಲಗೆಗಳ ಉಕ್ಕಿನ ಅಂಚುಗಳಿವೆ. ಹಲಗೆಗಳನ್ನು ಹೆಗಲ ಮೇಲೆ ಹೊರುವಾಗ ಆ ಚೂಪಾದ ಅಂಚು ತಾಗುವುದು ಇದೇ ಅಂಗೈಗೆ. ಹೀಗಾಗಿ ಕೈಗವಸು ಸಾಯುವುದು ಸಾಮಾನ್ಯವಾಗಿ ಮೂರು ಜಾಗಗಳಲ್ಲಿ: ಅಂಗೈ, ತೋರುಬೆರಳಿನ ಒಳಮೈ ಮತ್ತು ಹೆಬ್ಬೆರಳು ತೋರುಬೆರಳುಗಳ ನಡುವಿನ ಸಂದಿ. ಮೇಲ್ಭಾಗದ ಬಣ್ಣ, ಚಿತ್ತಾರ, ದೊಡ್ಡ ಅಕ್ಷರದ ಹೆಸರು ಇವು ಯಾವುವೂ ಸವೆಯುವುದಿಲ್ಲ. ಆದರೆ ನಾವು ಹಣ ಕೊಡುವುದು ಬಹುಪಾಲು ಆ ಮೇಲ್ಭಾಗವನ್ನು ನೋಡಿ!

ಇನ್ನು ಲಿಫ್ಟ್ ನಡೆಸುವ ಹುಡುಗರ ಕೈಗಳನ್ನು ನೋಡಿ. ಅವರು ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಗಂಟೆ ಹಿಮದಲ್ಲಿ ನಿಂತು ಸಲಿಕೆ ಹಿಡಿಯುತ್ತಾರೆ, ಕುರ್ಚಿಗಳನ್ನು ಹಿಡಿದು ನಿಲ್ಲಿಸುತ್ತಾರೆ, ಬಿದ್ದವರನ್ನು ಎತ್ತುತ್ತಾರೆ. ಅವರ ಸಂಬಳ ದೊಡ್ಡದಲ್ಲ, ಆದ್ದರಿಂದ ದುಂದುವೆಚ್ಚಕ್ಕೆ ಅವಕಾಶವಿಲ್ಲ. ಅವರಲ್ಲಿ ಬಹಳ ಮಂದಿಯ ಕೈಯಲ್ಲಿ ನಾನು ಕಂಡದ್ದು ಹಳದಿ ಕಂದು ಬಣ್ಣದ, ಎಣ್ಣೆ ಮೇಣ ಕುಡಿದು ಕಪ್ಪಾದ, ಸಾದಾ ಚರ್ಮದ ಕೈಗವಸು. ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ಕಿಂಕೋ ಎಂಬ ಕಂಪನಿ ಮುಖ್ಯವಾಗಿ ಕೂಲಿಕಾರರಿಗೆ, ರೈತರಿಗೆ ಕೈಗವಸು ಮಾಡುವಂಥದು. ಅದರ 901 ಎಂಬ ಸಂಖ್ಯೆಯ, ಹಂದಿಯ ಚರ್ಮದ, ಒಳಗೆ ಬೆಚ್ಚನೆಯ ಪದರವಿರುವ ಕೈಗವಸು ಸ್ಕೀ ಕೆಲಸಗಾರರಲ್ಲಿ ಬಹಳ ಪ್ರಸಿದ್ಧ. ಬೆಲೆ ನಲವತ್ತು ಡಾಲರಿನ ಆಸುಪಾಸು.

ದುಬಾರಿಯ ತುದಿಯಲ್ಲಿರುವ ಸ್ವೀಡನ್ನಿನ ಹೆಸ್ಟ್ರಾ ಕಂಪನಿಯ ಕಥೆಯೂ ಇದನ್ನೇ ಹೇಳುತ್ತದೆ. ಹೆಸ್ಟ್ರಾ ಎಂಬುದು ಆ ದೇಶದ ಒಂದು ಸಣ್ಣ ಊರಿನ ಹೆಸರು. 1936ರಲ್ಲಿ ಮಾರ್ಟಿನ್ ಮ್ಯಾಗ್ನುಸನ್ ಎಂಬವರು ಅಲ್ಲಿ ಕಾಡಿನಲ್ಲಿ ಮರ ಕಡಿಯುವವರಿಗಾಗಿ ಕೈಗವಸು ಹೊಲಿಯಲಾರಂಭಿಸಿದರು. ಸ್ಕೀಯಿಂಗ್‌ನವರಿಗೆ ಮಾಡತೊಡಗಿದ್ದು ಆಮೇಲೆ. ಅಂದರೆ ಅಗ್ಗದ್ದಾಗಲಿ ದುಬಾರಿಯದಾಗಲಿ, ಒಳ್ಳೆಯ ಸ್ಕೀ ಕೈಗವಸಿನ ವಂಶವೃಕ್ಷವನ್ನು ಕೆದಕಿದರೆ ಬುಡದಲ್ಲಿ ಒಬ್ಬ ಶ್ರಮಜೀವಿ ಕಾಣಿಸುತ್ತಾನೆ. ವಿನೋದಕ್ಕಾಗಿ ಹೋಗುವ ನಾವು ದುಡಿಮೆಗಾಗಿ ಹೋಗುವವನನ್ನು ನೋಡಿ ಕಲಿತರೆ ನಷ್ಟವಿಲ್ಲ.

ನೀರು ತಡೆಯುವ ಪೊರೆಯ ಮಾತು

ಅಂಗಡಿಗೆ ಹೋದೊಡನೆ ಕೇಳಿಬರುವ ಪದ ಗೋರ್‌ಟೆಕ್ಸ್. 1969ರಲ್ಲಿ ಬಾಬ್ ಗೋರ್ ಎಂಬವರು ಟೆಫ್ಲಾನ್ ಜಾತಿಯ ವಸ್ತುವನ್ನು ಬಿಸಿಮಾಡಿ ಥಟ್ಟನೆ ಎಳೆದಾಗ ಅದು ಅಸಂಖ್ಯ ಸೂಕ್ಷ್ಮ ರಂಧ್ರಗಳ ಹಾಳೆಯಾಯಿತು. ಆ ರಂಧ್ರಗಳ ಮೂಲಕ ನೀರಿನ ಹನಿ ಒಳಬರಲಾರದು, ಬೆವರಿನ ಆವಿ ಮಾತ್ರ ಹೊರಹೋಗಬಲ್ಲದು. ಅದ್ಭುತವಾದ ಶೋಧನೆ, ಸಂದೇಹವಿಲ್ಲ. ಮಳೆಯಂಥ ಒದ್ದೆ ಹಿಮ ಬೀಳುವ ಸಿಯಾಟಲ್ ಕಡೆಯಲ್ಲಿರುವವರಿಗೆ ಅದರಿಂದ ನಿಜವಾದ ಪ್ರಯೋಜನವಿದೆ.

ಆದರೆ ಎರಡು ವಿಷಯಗಳನ್ನು ನೆನಪಿಡಬೇಕು. ಕೈಗವಸಿನಲ್ಲಿ ಈ ಪೊರೆಯು ಹೊರಹೊದಿಕೆಗೂ ಒಳಪದರಕ್ಕೂ ನಡುವೆ ಇರುವ ಒಂದು ತೆಳು ಚೀಲ. ಹೊರಹೊದಿಕೆ ನೀರು ಕುಡಿದು ಭಾರವಾದರೆ ಒಳಗಿನ ಪೊರೆ ಎಷ್ಟೇ ಗಟ್ಟಿಯಿದ್ದರೂ ಕೈ ತಣ್ಣಗಾಗುತ್ತದೆ, ಬೆವರೂ ಹೊರಹೋಗದು. ಮತ್ತು ಆ ಪೊರೆ ಒಮ್ಮೆ ತೂತಾದರೆ ಮನೆಯಲ್ಲಿ ಅದನ್ನು ಸರಿಪಡಿಸುವುದು ಸಾಧ್ಯವೇ ಇಲ್ಲವೆನ್ನಬಹುದು. ಚರ್ಮವಾದರೋ ಮತ್ತೆ ಮತ್ತೆ ಮೇಣ ಕುಡಿಯುತ್ತದೆ, ಹೊಲಿಗೆ ಹಾಕಿಸಿಕೊಳ್ಳುತ್ತದೆ, ಬಳಸಿದಷ್ಟೂ ಕೈಗೆ ಹೊಂದಿಕೊಳ್ಳುತ್ತದೆ. ಮಿನ್ನೆಸೋಟ, ಕೊಲರಾಡೊ, ಯೂಟಾದಂಥ ಒಣಚಳಿಯ ಪ್ರದೇಶಗಳಲ್ಲಿ ಮೇಣ ಹಚ್ಚಿದ ಚರ್ಮವೇ ಸಾಕು ಎಂಬುದು ನನ್ನ ಅಭಿಮತ.

ನೀರು ನಿಲ್ಲದಂತೆ ಬಟ್ಟೆಗೆ ಹಚ್ಚುವ ಕೆಲವು ರಾಸಾಯನಿಕಗಳ ವಿಚಾರವೂ ಇದೆ. ಫ್ಲೋರಿನ್ ಇರುವ ಪಿಎಫ್‌ಎಎಸ್ ಎಂಬ ಈ ವಸ್ತುಗಳು ಮಣ್ಣು ನೀರುಗಳಲ್ಲಿ ಕೊಳೆಯದೆ ಉಳಿಯುತ್ತವೆ. ಕ್ಯಾಲಿಫೋರ್ನಿಯ ರಾಜ್ಯವು ಕೆಲವು ವಿನಾಯಿತಿಗಳೊಡನೆ, 2025ರ ಜನವರಿಯಿಂದ ಬಟ್ಟೆಬರೆಗಳಲ್ಲಿ ಇವುಗಳನ್ನು ನಿಷೇಧಿಸಿದೆ. ಕೊಳ್ಳುವಾಗ ಚೀಟಿಯನ್ನು ಓದಿ. ಜೇನುಮೇಣಕ್ಕೆ ಈ ಯಾವ ದೋಷವೂ ಇಲ್ಲ.

ಮೇಷ್ಟ್ರ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ವರ್ಷಕ್ಕೆ ಹದಿನೈದು ದಿನ ಸ್ಕೀಯಿಂಗ್‌ಗೆ ಹೋಗುವ ವಯಸ್ಕರೊಬ್ಬರಿದ್ದಾರೆಂದು ಭಾವಿಸಿ. 25 ಡಾಲರಿನ ತೆಳು ಕೈಗವಸು ಒಂದು ಚಳಿಗಾಲ ಬಂದರೆ ವರ್ಷಕ್ಕೆ 25 ಡಾಲರ್. 40 ಡಾಲರಿನ ಚರ್ಮದ ಕೈಗವಸಿಗೆ 8 ಡಾಲರಿನ ಮೇಣ ಸೇರಿಸಿ, ಅದು ನಾಲ್ಕು ಚಳಿಗಾಲ ಬಂದರೆ ವರ್ಷಕ್ಕೆ 12 ಡಾಲರ್. 160 ಡಾಲರಿನ ಉತ್ತಮ ಆಡಿನ ಚರ್ಮದ ಕೈಗವಸಿಗೆ ಮಧ್ಯೆ ಒಮ್ಮೆ 40 ಡಾಲರಿನ ಹೊಸ ಒಳಗವಸು ಹಾಕಿಸಿ, ಅದು ಎಂಟು ಚಳಿಗಾಲ ಬಂದರೆ ವರ್ಷಕ್ಕೆ 25 ಡಾಲರ್.

ಉತ್ತರವನ್ನು ಗಮನಿಸಿ. ಅತಿ ದುಬಾರಿಯದೂ ಅತಿ ಅಗ್ಗದ್ದೂ ವರ್ಷದ ಲೆಕ್ಕದಲ್ಲಿ ಸಮಸಮ! ಆದರೆ ಮೊದಲನೆಯದರಲ್ಲಿ ಎಂಟು ವರ್ಷವೂ ಬೆರಳು ಬೆಚ್ಚಗಿರುತ್ತವೆ. ಎರಡನೆಯದರಲ್ಲಿ ಎಂಟು ಜೊತೆ ಕಸ ತಯಾರಾಗುತ್ತದೆ, ಪ್ರತಿ ಫೆಬ್ರವರಿಯಲ್ಲಿ ಕೈ ಮರಗಟ್ಟುತ್ತದೆ. ಅಗ್ಗವೆಂದು ಮುಗ್ಗಲು ಜೋಳ ಕೊಂಡ ಹಾಗೆ. ನಡುವಿನದು ಎಲ್ಲಕ್ಕಿಂತ ಮಿತವ್ಯಯ. ದುಬಾರಿಯದನ್ನು ಕೊಂಡು ಎರಡನೆಯ ವರ್ಷವೇ ಕುರ್ಚಿ ಲಿಫ್ಟಿನಿಂದ ಒಂದನ್ನು ಕೆಳಗೆ ಬೀಳಿಸಿಕೊಂಡರೆ ಮಾತ್ರ ವರ್ಷಕ್ಕೆ 80 ಡಾಲರ್ ಆಗುತ್ತದೆ. ಆದ್ದರಿಂದ ಬೆಲೆ ಎಷ್ಟೇ ಇರಲಿ, ಮಣಿಕಟ್ಟಿಗೆ ಸಿಕ್ಕಿಸುವ ದಾರವಿರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ನೀವೇ ಹೊಲಿದುಕೊಳ್ಳಿ. ಬಾಳಿಕೆಯನ್ನು ಹೆಚ್ಚಿಸುವ ಅತ್ಯಂತ ಅಗ್ಗದ ಸಾಧನ ಆ ಒಂದು ಗೇಣು ದಾರ.

“ಮಾವ, ಈ ದೇಶದಲ್ಲಿ ರಿಪೇರಿಗೆ ಕೊಡುವ ದುಡ್ಡಿಗೆ ಹೊಸದೇ ಬರುತ್ತದೆ” ಎಂದು ನಮ್ಮ ಅಳಿಯಂದಿರು ವಾದಿಸಿದರು. ಅವರ ಮಾತಿನಲ್ಲಿ ಸತ್ಯವಿದೆ. ನಮ್ಮ ಊರಿನಂತೆ ಬೀದಿಯ ತಿರುವಿನಲ್ಲಿ ಚಮ್ಮಾರರು ಕುಳಿತಿರುವುದಿಲ್ಲ. ಆದರೆ ಬಿಚ್ಚಿದ ಎರಡು ಅಂಗುಲ ಹೊಲಿಗೆಗೆ ಯಾರನ್ನೂ ಹುಡುಕಬೇಕಾಗಿಲ್ಲ. ಚರ್ಮಕ್ಕೆ ಹಾಕುವ ಸೂಜಿ, ಮೇಣ ಸವರಿದ ಗಟ್ಟಿ ದಾರ, ಅರ್ಧ ಗಂಟೆಯ ತಾಳ್ಮೆ ಇಷ್ಟಿದ್ದರೆ ಸಾಕು. ನನ್ನ ಮಗಳು ಆ ಕೆಲಸವನ್ನು ಈಗ ನನಗಿಂತ ಚೆನ್ನಾಗಿ ಮಾಡುತ್ತಾಳೆ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಪರೀಕ್ಷೆಯಿಲ್ಲದೆ ಯಾರನ್ನೂ ಪಾಸು ಮಾಡದಿದ್ದ ನಾನು ಕೈಗವಸನ್ನು ಮಾತ್ರ ಬಿಟ್ಟೇನೆಯೆ? ಮೊದಲು ಕೈಯ ಅಳತೆ. ಹೆಬ್ಬೆರಳನ್ನು ಬಿಟ್ಟು ಗೆಣ್ಣುಗಳ ಬಳಿ ಅಂಗೈಯ ಸುತ್ತಳತೆ ತೆಗೆಯಿರಿ. ಅದು 8 ಅಂಗುಲವಿದ್ದರೆ, ಸಂಖ್ಯೆಯಲ್ಲಿ ಅಳತೆ ಕೊಡುವ ಕಂಪನಿಗಳಲ್ಲಿ ನಿಮ್ಮದು ಸಾಮಾನ್ಯವಾಗಿ 8. ಧರಿಸಿದ ಮೇಲೆ ಬೆರಳ ತುದಿಯಲ್ಲಿ ಸ್ವಲ್ಪ ಜಾಗ ಉಳಿಯಬೇಕು. ಮುಷ್ಟಿ ಕಟ್ಟಿದರೆ ಗೆಣ್ಣಿನ ಮೇಲೆ ಬಿಗಿಯಬಾರದು.

ಅನಂತರ ಅಂಗೈಯನ್ನು ಮೇಲೆ ಮಾಡಿ ನಾನು ಹೇಳಿದ ಮೂರು ಜಾಗಗಳನ್ನು ನೋಡಿ. ಅಲ್ಲಿ ಎರಡನೆಯ ಪದರದ ಚರ್ಮವಿದೆಯೆ? ಹೊಲಿಗೆ ಜೋಡಿಸಾಲಾಗಿದೆಯೆ? ಹೆಬ್ಬೆರಳಿನ ಸಂದಿಯಲ್ಲಿಯೇ ನಾಲ್ಕು ಹೊಲಿಗೆಗಳು ಸೇರಿದ್ದರೆ ಅಲ್ಲಿಯೇ ಬಿಚ್ಚುತ್ತದೆಂದು ತಿಳಿಯಿರಿ. ಮೂರನೆಯದಾಗಿ, ಒಳಗವಸು ಬಿಡಿಯಾಗಿ ಹೊರಬರುತ್ತದೆಯೆ ನೋಡಿ. ಬಿಡಿಯಾಗಿದ್ದರೆ ರಾತ್ರಿ ಬೇಗ ಒಣಗುತ್ತದೆ, ಒಗೆಯಬಹುದು, ಹಳತಾದರೆ ಅದೊಂದನ್ನೇ ಬದಲಿಸಬಹುದು. ಬಿಡಿಯಲ್ಲದಿದ್ದರೆ ಅದು ಬೆರಳ ತುದಿಗಳಲ್ಲಿ ಭದ್ರವಾಗಿರಬೇಕು. ಕೈ ಹಾಕಿ ಥಟ್ಟನೆ ಹೊರಗೆಳೆಯಿರಿ. ಒಳಬಟ್ಟೆಯೂ ಕೈಯೊಡನೆ ಬಂದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ. ಬೆವರಿದ ಕೈಗೆ ಅದು ಮತ್ತೆ ಹೊಂದುವುದಿಲ್ಲ.

ಕೊನೆಯದಾಗಿ, ಕೈಗವಸು ಹಾಕಿಕೊಂಡೇ ಕೋಟಿನ ಜಿಪ್ ಎಳೆಯಿರಿ. ಆಗದಿದ್ದರೆ ಗುಡ್ಡದ ಮೇಲೆ ಪ್ರತಿಸಲವೂ ಅದನ್ನು ತೆಗೆಯುತ್ತೀರಿ. ತೆಗೆದಾಗಲೆಲ್ಲ ಹಿಮ ಒಳಸೇರುತ್ತದೆ.

ಕೊಳ್ಳುವ ಕಾಲವೂ ಮುಖ್ಯ. ನವೆಂಬರ್‌ನಲ್ಲಿ ಕೊಳ್ಳುವವನು ಪೂರ್ತಿ ಬೆಲೆ ಕೊಡುತ್ತಾನೆ. ಮಾರ್ಚ್ ಕೊನೆಯಲ್ಲಿ ಅಂಗಡಿಗಳು ಉಳಿದ ಮಾಲನ್ನು ಖಾಲಿ ಮಾಡುವಾಗ ಅದೇ ವಸ್ತು ಕಡಿಮೆ ಬೆಲೆಗೆ ಸಿಗುತ್ತದೆ. ದೊಡ್ಡವರ ಕೈ ಏಳೆಂಟು ತಿಂಗಳಲ್ಲಿ ಬೆಳೆಯುವುದಿಲ್ಲವಷ್ಟೆ!

ಎಣ್ಣೆ ಕಂಡ ಚರ್ಮಕ್ಕೆ ಆಯುಷ್ಯ

ನನ್ನ ಬಾಲ್ಯದಲ್ಲಿ ನಮ್ಮ ತೋಟಕ್ಕೆ ಕಪಿಲೆಯಿಂದ ನೀರು ಹಾಯಿಸುತ್ತಿದ್ದರು. ಎತ್ತುಗಳು ಎಳೆಯುತ್ತಿದ್ದ ಆ ತೊಗಲಿನ ಚೀಲ ದಿನವಿಡೀ ಬಾವಿಯೊಳಗೆ ಮುಳುಗಿ ಏಳುತ್ತಿತ್ತು. ಕೆಲಸವಿಲ್ಲದ ದಿನಗಳಲ್ಲಿ ನಮ್ಮ ತಂದೆಯವರು ಅದನ್ನು ನೆರಳಿನಲ್ಲಿ ಒಣಗಿಸಿ ಹರಳೆಣ್ಣೆ ತಿಕ್ಕಿಸುತ್ತಿದ್ದರು. ಬಿಸಿಲಿಗೆ ಹಾಕಿದವರಿಗೆ ಬೈಗುಳ ಖಂಡಿತ. ಒಣಗಿ ಸೆಟೆದ ತೊಗಲು ಮಡಿಕೆಯಲ್ಲಿ ಸೀಳುತ್ತದೆ ಎಂಬುದು ಅವರಿಗೆ ಯಾವ ಪುಸ್ತಕವನ್ನೂ ಓದದೆ ತಿಳಿದಿತ್ತು.

ಸ್ಕೀ ಕೈಗವಸಿನ ಪೋಷಣೆಯೂ ಅಕ್ಷರಶಃ ಇಷ್ಟೆ. ಮನೆಗೆ ಬಂದೊಡನೆ ಒಳಗವಸನ್ನು ಹೊರತೆಗೆಯಿರಿ. ಹೊರಹೊದಿಕೆಯನ್ನು ಕೋಣೆಯ ಗಾಳಿಯಲ್ಲಿ ತೂಗುಹಾಕಿ. ಹೀಟರಿನ ಮೇಲೆ, ಬೆಂಕಿಗೂಡಿನ ಮುಂದೆ ಎಂದಿಗೂ ಇಡಬೇಡಿ. ವರ್ಷಕ್ಕೆ ಎರಡು ಸಲ, ಪೂರ್ತಿ ಒಣಗಿದ ಮೇಲೆ, ಚರ್ಮವನ್ನು ಕೈಗೆ ಹಿತವೆನಿಸುವಷ್ಟು ಮಾತ್ರ ಬೆಚ್ಚಗೆ ಮಾಡಿ ಜೇನುಮೇಣದ ಲೇಪವನ್ನು ಬಟ್ಟೆಯಿಂದ ತಿಕ್ಕಿ. ಮೊದಲು ಹೊಲಿಗೆಗಳಿಗೆ, ಆಮೇಲೆ ಉಳಿದ ಭಾಗಕ್ಕೆ. ಉಳಿದ ಮೇಣವನ್ನು ಒರೆಸಿಬಿಡಿ. ಅತಿಯಾಗಿ ಮೆತ್ತಿದರೆ ಬೆವರು ಹೊರಹೋಗದು. ಹೊಸ ಕೈಗವಸು ಹೊಳಪು ಕಳೆದುಕೊಂಡು ಕಪ್ಪಾಗುತ್ತದೆಂದು ಮರುಗಬೇಡಿ. ಆ ಕಪ್ಪೇ ಅದರ ಆಯುಷ್ಯ.

ಮಕ್ಕಳ ವಿಷಯ ಬೇರೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ದೊಡ್ಡವರಿಗೆ. ಮಕ್ಕಳಿಗೆ ಬೇರೆ ನಿಯಮ ಏಕೆಂಬುದನ್ನು ಒಂದು ಘಟನೆಯಿಂದ ಹೇಳುತ್ತೇನೆ. ಚಿಕ್ಕ ಮೊಮ್ಮಗನಿಗೆ ಆಗ ಆರು ವರ್ಷ. ಎರಡು ಗಂಟೆ ಹಿಮದಲ್ಲಿ ಆಡಿ ನನ್ನ ಬಳಿ ಬಂದವನು, “ತಾತ, ನನ್ನ ಬೆರಳು ನಂದಲ್ಲ ಅನ್ನಿಸ್ತಿದೆ” ಎಂದು ನಗುತ್ತಲೇ ಹೇಳಿದ. ಆ ನಗು ಕಂಡು ನನಗೆ ಎದೆ ಧಸಕ್ಕೆಂದಿತು. ಬಣ್ಣಬಣ್ಣದ ಕೈಗವಸು ಒಳಗೆಲ್ಲ ನೀರಾಗಿತ್ತು. ತೆಗೆದು ನೋಡಿದರೆ ಎರಡು ಬೆರಳ ತುದಿಗಳು ಮೇಣದಂತೆ ಬಿಳಿಚಿದ್ದವು. ನೋವಿದ್ದರೆ ಮಗು ಅಳುತ್ತದೆ, ನಮಗೆ ತಿಳಿಯುತ್ತದೆ. ನೋವೇ ನಿಂತುಹೋಗುವುದು ಅಪಾಯದ ಚಿಹ್ನೆ. ಮಗಳು ಅವನ ಕೈಗಳನ್ನು ತನ್ನ ಕಂಕುಳಲ್ಲಿಟ್ಟುಕೊಂಡು ಬೆಚ್ಚಗೆ ಮಾಡಿದಳು. ಹದಿನೈದು ನಿಮಿಷಕ್ಕೆ ಬಣ್ಣ ಮರಳಿತು. ಆಗ ಅತ್ತನು ನೋಡಿ, ಆ ಅಳು ಕೇಳಿ ನಮಗೆಲ್ಲ ಜೀವ ಬಂದಂತಾಯಿತು.

ಇಂಥ ಸಂದರ್ಭದಲ್ಲಿ ಬೆರಳನ್ನು ಉಜ್ಜಬಾರದು, ಹಿಮವನ್ನಂತೂ ತಿಕ್ಕಲೇಬಾರದು, ಬೆಂಕಿಗೆ ಹಿಡಿಯಬಾರದು. ಮರಗಟ್ಟಿದ ಬೆರಳಿಗೆ ಸುಡುವುದೂ ತಿಳಿಯುವುದಿಲ್ಲ. ಮೈಯ ಶಾಖ ಅಥವಾ ಉಗುರುಬೆಚ್ಚಗಿನ ನೀರು ಸಾಕು. ಬಿಳುಪು ಹೋಗದಿದ್ದರೆ, ಬೆರಳು ಗಟ್ಟಿಯಾಗಿದ್ದರೆ, ಬೊಬ್ಬೆ ಎದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಮಕ್ಕಳ ಕೈ ಪ್ರತಿವರ್ಷ ಬೆಳೆಯುತ್ತದೆ. ಹೀಗಾಗಿ ಅವರಿಗೆ ಎಂಟು ವರ್ಷ ಬಾಳುವ ಚರ್ಮ ಕೊಡಿಸುವುದು ಜಾಣತನವಲ್ಲ. ಅವರಿಗೆ ಬೇಕಾದುದು ಕೋಟಿನ ತೋಳಿನ ಮೇಲೆ ಮೊಣಕೈಯತ್ತ ಏರುವ ಉದ್ದ ಪಟ್ಟಿಯ, ನೀರು ತಡೆಯುವ ಮಿಟನ್. ಅದೂ ಎರಡು ಜೊತೆ. ಬೆಳಿಗ್ಗೆ ಒಂದು, ಊಟದ ನಂತರ ಒಣಗಿದ ಇನ್ನೊಂದು. ಅಮೆರಿಕದ ಅನೇಕ ಊರುಗಳಲ್ಲಿ ಚಳಿಗಾಲದ ಮೊದಲು ಬಳಸಿದ ಸ್ಕೀ ಸಾಮಾನುಗಳ ಸಂತೆ ನಡೆಯುತ್ತದೆ. ಅಲ್ಲಿ ಕೊಳ್ಳಿ, ಇಲ್ಲವೇ ಅಣ್ಣನದು ತಮ್ಮನಿಗೆ, ತಮ್ಮನದು ಪಕ್ಕದ ಮನೆಯ ಮಗುವಿಗೆ ದಾಟಲಿ. ಮಕ್ಕಳ ವಸ್ತುವಿನ ಬಾಳಿಕೆಯನ್ನು ಒಂದು ಕೈಯಿಂದ ಅಳೆಯಬಾರದು, ಎಷ್ಟು ಕೈಗಳನ್ನು ಅದು ದಾಟಿತೆಂಬುದರಿಂದ ಅಳೆಯಬೇಕು. ಬಳಸಿದ ವಸ್ತು ಧರಿಸುವುದರಲ್ಲಿ ಅವಮಾನವೇನಿಲ್ಲ. ಹಳೆಯ ಪಠ್ಯಪುಸ್ತಕಗಳನ್ನು ಅರ್ಧ ಬೆಲೆಗೆ ಕೊಂಡು ಓದಿಯೇ ಅಲ್ಲವೆ ನೀವೆಲ್ಲ ಇಂಜಿನಿಯರುಗಳಾದದ್ದು?

ಚರ್ಮ ಒಲ್ಲದವರಿಗೆ

ನನ್ನ ವಿದ್ಯಾರ್ಥಿಗಳಲ್ಲಿ ನಾನಾ ಆಚಾರಗಳವರಿದ್ದೀರಿ. ಹಂದಿಯ ಚರ್ಮ ಕೆಲವರಿಗೆ ಧಾರ್ಮಿಕವಾಗಿ ನಿಷಿದ್ಧ. ದನದ ಚರ್ಮ ಕೆಲವರ ಮನಸ್ಸಿಗೆ ಒಪ್ಪದು. ಯಾವ ಚರ್ಮವೂ ಬೇಡವೆನ್ನುವವರೂ ಇದ್ದಾರೆ. ಇದನ್ನು ಹಾಸ್ಯ ಮಾಡುವುದು ಸಲ್ಲದು. ಆಡಿನ ಚರ್ಮ ತೆಳ್ಳಗಿದ್ದರೂ ಬಹಳ ಗಟ್ಟಿ ಮತ್ತು ಮೃದು. ಮೊದಲೆರಡು ಗುಂಪಿನವರಿಗೆ ಅದು ಸೂಕ್ತ. ಮೂರನೆಯ ಗುಂಪಿನವರು ಅಂಗೈಗೆ ದಪ್ಪನೆಯ ಕೃತಕ ಚರ್ಮವನ್ನು ಎರಡು ಪದರ ಹಾಕಿದ ಮಿಟನ್ ಆರಿಸಿಕೊಳ್ಳಲಿ. ಬಾಳಿಕೆ ತುಸು ಕಡಿಮೆಯಾಗಬಹುದು. ಮನಸ್ಸಾಕ್ಷಿಗಾಗಿ ವರ್ಷಕ್ಕೆ ನಾಲ್ಕು ಡಾಲರ್ ಹೆಚ್ಚು ತೆತ್ತರೆ ಅದು ನಷ್ಟವಲ್ಲ. ಚೀಟಿಯಲ್ಲಿ ಬರಿಯ ‘ಚರ್ಮ’ ಎಂದಿದ್ದರೆ ಯಾವ ಪ್ರಾಣಿಯದೆಂದು ಕೇಳಿ ತಿಳಿದುಕೊಳ್ಳಿ.

ಗುಲ್ಮಾರ್ಗ್, ಮನಾಲಿಗೆ ಹೋಗುವವರಿಗೆ

ಊರಿನಲ್ಲಿರುವ ಬಂಧುಗಳು, “ನಮಗೇಕೆ ಈ ಪುರಾಣ?” ಎನ್ನದಿರಲಿ. ಈಗ ನಮ್ಮ ಕಡೆಯಿಂದಲೂ ಕಾಶ್ಮೀರದ ಗುಲ್ಮಾರ್ಗ್‌ಗೆ, ಹಿಮಾಚಲದ ಮನಾಲಿಗೆ ಪ್ರವಾಸ ಹೋಗುವವರು ಬಹಳ. ಗುಲ್ಮಾರ್ಗ್‌ನಲ್ಲಿ 2020ರಲ್ಲಿ ಆರಂಭವಾದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳಲ್ಲಿ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ಹಿಮವೇ ಬೀಳದ ನಾಡಿನ ಹೆಣ್ಣುಮಗಳ ಈ ಸಾಧನೆ ನಮಗೆಲ್ಲ ಹೆಮ್ಮೆಯ ವಿಷಯ. ಅವರ ಕ್ರೀಡೆಯಲ್ಲಿ ಸಮತಟ್ಟಾದ ಹಾಗೂ ಏರಿಳಿತದ ಹಾದಿಯಲ್ಲಿ ಮೈಲುಗಟ್ಟಲೆ ಕೈಕಾಲು ಆಡಿಸುತ್ತ ಸಾಗಬೇಕು, ಮೈ ತಾನಾಗಿಯೇ ಬಿಸಿಯಾಗುತ್ತದೆ. ಅವರಿಗೆ ಬೇಕಾದುದು ತೆಳುವಾದ, ಬೆವರನ್ನು ಬೇಗ ಹೊರಬಿಡುವ ಕೈಗವಸು. ದಪ್ಪ ಚರ್ಮದ್ದಲ್ಲ. ಒಂದೇ ಔಷಧ ಎಲ್ಲ ರೋಗಕ್ಕೂ ಅಲ್ಲ ಎಂಬುದಕ್ಕೆ ಇದು ನಿದರ್ಶನ.

ಒಂದೆರಡು ದಿನ ಹಿಮ ನೋಡಿ ಬರುವ ಪ್ರವಾಸಿಗರು ದುಬಾರಿ ಕೈಗವಸು ಕೊಳ್ಳುವುದು ಅನಾವಶ್ಯಕ. ಮನಾಲಿಯ ದಾರಿಯ ಅಂಗಡಿಗಳಲ್ಲಿ, ಗುಲ್ಮಾರ್ಗ್‌ನ ಕೆಳಗಿನ ತಂಗಮಾರ್ಗ್‌ನಲ್ಲಿ ಕೋಟು, ಬೂಟುಗಳು ಬಾಡಿಗೆಗೆ ಸಿಗುತ್ತವೆ. ಬಾಡಿಗೆಯ ಕೈಗವಸು ಹಿಂದಿನವರ ಬೆವರು ಆರದೆ ತೇವವಾಗಿರುವ ಸಂಭವವಿದೆ. ಆದ್ದರಿಂದ ಸ್ವಂತದ್ದಾದ ಎರಡು ಜೊತೆ ತೆಳು ಉಣ್ಣೆಯ ಒಳಗವಸುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಹತ್ತಿ ಬೇಡ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ. ಉಣ್ಣೆ ತುಸು ತೇವವಾದರೂ ಬೆಚ್ಚಗಿಡುತ್ತದೆ. ಮಳೆಯಲ್ಲಿ ಕರಿಕಂಬಳಿ ಹೊದ್ದು ಕುರಿ ಕಾಯುವ ನಮ್ಮ ಕುರುಬರನ್ನು ಕೇಳಿ ನೋಡಿ.

ಕಡೆಯ ಮಾತು

ಪ್ರಿಯ ವಿದ್ಯಾರ್ಥಿಗಳೇ, ನೀವು ಇಂದು ಕೈತುಂಬ ಸಂಪಾದಿಸುತ್ತಿದ್ದೀರಿ. ಇಪ್ಪತ್ತೈದು ಡಾಲರ್ ನಿಮಗೊಂದು ಲೆಕ್ಕವಲ್ಲವೆಂಬುದು ನನಗೆ ಗೊತ್ತು. ನನ್ನ ಆಗ್ರಹ ಹಣದ ಬಗೆಗಿನದಲ್ಲ. ಹಾಳಾಗಲೆಂದೇ ಮಾಡಿದ ವಸ್ತುವನ್ನು ಹಾಳಾಗುತ್ತದೆಂದು ತಿಳಿದೇ ಕೊಳ್ಳುವ ಅಭ್ಯಾಸ ಕೈಗವಸಿನಲ್ಲಿ ನಿಲ್ಲುವುದಿಲ್ಲ. ಅದು ಚಪ್ಪಲಿಗೆ, ಕೊಡೆಗೆ, ಕುರ್ಚಿಗೆ ಹಬ್ಬುತ್ತದೆ. ಕಡೆಗೆ ಯಾವುದನ್ನೂ ಒರೆಸಿ, ಒಣಗಿಸಿ, ಹೊಲಿದು ಇಟ್ಟುಕೊಳ್ಳುವ ಸಂಯಮವೇ ನಮ್ಮಲ್ಲಿ ಉಳಿಯುವುದಿಲ್ಲ. ಮಕ್ಕಳು ನಮ್ಮ ಉಪದೇಶವನ್ನು ಕೇಳುವುದಿಲ್ಲ, ನಮ್ಮ ಕೈ ಏನು ಮಾಡುತ್ತದೆಂಬುದನ್ನು ನೋಡುತ್ತಾರೆ. ಚಳಿಗಾಲದ ಒಂದು ಭಾನುವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಗವಸಿಗೆ ಮೇಣ ತಿಕ್ಕಿ. ನಾನು ವರ್ಷವಿಡೀ ಹೇಳಿದ ಪಾಠಕ್ಕಿಂತ ಅದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಆದ್ದರಿಂದ ಈ ಸಲ ಸ್ಕೀಯಿಂಗ್‌ಗೆ ಹೋದಾಗ ಲಿಫ್ಟ್ ನಡೆಸುವ ಆ ಹುಡುಗನ ಕೈಯನ್ನು ಒಮ್ಮೆ ಗಮನಿಸಿ, ಅವನ ಕೈಗವಸು ಎಷ್ಟನೆಯ ಚಳಿಗಾಲದ್ದೆಂದು ವಿಚಾರಿಸಿ. ಅಂಗಡಿಯವನು ಹೇಳದ ವಿಷಯವನ್ನು ಅವನು ಸಂತೋಷದಿಂದ ಹೇಳುತ್ತಾನೆ. ಕೇಳಿದ್ದಕ್ಕೆ ಒಂದು ಧನ್ಯವಾದ ಹೇಳಿ ಬನ್ನಿ. ನಿಮ್ಮೆಲ್ಲರ ಹತ್ತೂ ಬೆರಳುಗಳು ಬೆಚ್ಚಗಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.